ನಡೆದರೂ ಅದು ಓಟವೇ
2008ರಲ್ಲಿ ಶುರುವಾದ ಬೆಂಗಳೂರಿನ ವರ್ಲ್ಡ್ 10ಕೆ ಓಟ ಹಲಸೂರು ಕೆರೆಯ ಪಕ್ಕವೇ ಹಾದುಹೋಗುವುದರಿಂದಲೋ ಏನೋ, ಬೇಸಿಗೆ ಹತ್ತಿರವಾದಂತೆ ಕೆನ್ಸಿಂಗ್ಟನ್ ರಸ್ತೆಯಲ್ಲಿ ನಸುಕಿಗೇ ಹೊಸ ಶೂಗಳ ಸದ್ದು ಏರುತ್ತದೆ. ಹೊಸಬರ ತಪ್ಪು ಒಂದೇ: ಮೊದಲ ದಿನವೇ ನಾಯಿ ಅಟ್ಟಿಸಿಕೊಂಡು ಬಂದಂತೆ ಓಡಿ, ಎರಡನೇ ವಾರಕ್ಕೆ ಮೊಣಕಾಲು ಹಿಡಿದು ಕೂರುವುದು. ಹೃದಯ, ಶ್ವಾಸಕೋಶ ಕೆಲವೇ ವಾರಗಳಲ್ಲಿ ಪಳಗುತ್ತವೆ. ಮೂಳೆ, ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಉಸಿರು ಸಾಕೆನ್ನುವ ಮೊದಲೇ ಕಾಲು ಕೈಕೊಡುವುದು ಇದಕ್ಕೇ. ಆದ್ದರಿಂದ ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡುವಷ್ಟು ನಿಧಾನಕ್ಕೆ ಓಡಬೇಕು, ನಡುನಡುವೆ ನಡೆಯಬೇಕು. ‘ನಡೆದರೆ ಅದೆಂಥ ಓಟ?’ ಎಂದು ಮೂಗು ಮುರಿಯುವವರು ಇದ್ದೇ ಇರುತ್ತಾರೆ. ಆದರೆ ಈ ಓಡು-ನಡೆ ಕ್ರಮವನ್ನು ಜನಪ್ರಿಯಗೊಳಿಸಿದ ಅಮೆರಿಕದ ಜೆಫ್ ಗ್ಯಾಲೋವೇ 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದವರು. ನಡುವೆ ನಡೆಯುವುದು ಕೈಲಾಗದವರ ನೆಪವಲ್ಲ. ಕಿಲೋಮೀಟರಿಗೆ 8 ನಿಮಿಷದ ಲೆಕ್ಕದಲ್ಲಿ ಸಾಗಿದರೂ ಹತ್ತು ಕಿಲೋಮೀಟರ್ 80 ನಿಮಿಷದಲ್ಲಿ ಮುಗಿಯುತ್ತದೆ, ಮರುದಿನ ಆಫೀಸಿಗೂ ಹೋಗಬಹುದು. ಕೆರೆಯ ವಾಸನೆ, ಬಸ್ಸಿನ ಹೊಗೆ ಎಂಬ ತಕರಾರು ಮಾತ್ರ ನ್ಯಾಯವಾದದ್ದೇ. ಅದಕ್ಕೆ ಸದ್ಯಕ್ಕಿರುವ ಪರಿಹಾರ ವಾಹನಗಳಿಗಿಂತ ಮೊದಲು ಏಳುವುದೊಂದೇ. ಕೆರೆಯನ್ನು ಶುಚಿಯಾಗಿಡುವುದು ಓಟಗಾರರ ಕೈಯಲ್ಲಿಲ್ಲ, ಪಾಲಿಕೆಯ ಕೈಯಲ್ಲಿದೆ. ಓಟಕ್ಕೆ ಹೆಸರು ಕೊಡುವ ಮುನ್ನ ಕ್ಯಾಲೆಂಡರ್ ನೋಡಿ: ಮೂರು ತಿಂಗಳಿದ್ದರೆ ಹತ್ತು ಕಿಲೋಮೀಟರಿಗೆ ಇಳಿಯಿರಿ, ಒಂದೇ ತಿಂಗಳಿದ್ದರೆ ಅದೇ ದಿನ ನಡೆಯುವ ಚಿಕ್ಕ ದೂರದ ‘ಮಜಾ ರನ್’ ಸಾಕು.