ಬೆಟ್ಟದ ದಾರಿಯೂ ಮೂರು ಟನ್ನಿನ ಗಾಡಿಯೂ

ಹೊಸ ಯಂತ್ರವೊಂದು ಲೋಕದ ಮುಂದೆ ಬಂದಾಗಲೆಲ್ಲ ಅದನ್ನು ಹೊಗಳುವವರೂ ಹಳಿಯುವವರೂ ಒಟ್ಟಿಗೇ ಕಾಣಿಸಿಕೊಳ್ಳುತ್ತಾರೆ. 2021ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಮ್ಯೂನಿಕ್ ನಗರದ ಮೋಟಾರು ಪ್ರದರ್ಶನದಲ್ಲಿ ಮರ್ಸಿಡಿಸ್-ಬೆಂಜ್ ಸಂಸ್ಥೆಯು ತನ್ನ ಪ್ರಸಿದ್ಧ ಜಿ-ವ್ಯಾಗನ್ ಗಾಡಿಯ ವಿದ್ಯುತ್ ರೂಪವನ್ನು ‘ಇಕ್ಯೂಜಿ’ ಎಂಬ ಹೆಸರಿನಲ್ಲಿ ಕೇವಲ ಮಾದರಿಯಾಗಿ ಪ್ರದರ್ಶಿಸಿದಾಗಲೂ ಹಾಗೆಯೇ ಆಯಿತು. 1979ರಿಂದ ಪೆಟ್ಟಿಗೆಯಂಥ ಆಕಾರವನ್ನು ಬಿಡದೆ ಬಂದ ಈ ಗಾಡಿಗೆ ದೇಶದೇಶಗಳಲ್ಲಿ ಭಕ್ತರಿದ್ದಾರೆ. ಆಕಾರ ಉಳಿಯಿತಲ್ಲಾ ಎಂದು ಕೆಲವರು ಸಂತೋಷಪಟ್ಟರು. ನಾಲ್ಕು ಚಕ್ರಗಳಿಗೆ ನಾಲ್ಕು ಮೋಟಾರುಗಳಿದ್ದು, ಒಂದು ಪಕ್ಕದ ಚಕ್ರಗಳು ಮುಂದಕ್ಕೂ ಇನ್ನೊಂದು ಪಕ್ಕದವು ಹಿಂದಕ್ಕೂ ತಿರುಗಿ ಗಾಡಿಯು ನಿಂತಲ್ಲೇ ಬುಗುರಿಯಂತೆ ಸುತ್ತುವುದನ್ನು ಕಂಡು ಬೆರಗಾದವರೂ ಇದ್ದರು. ಎಂಜಿನ್ನಿನ ಗರ್ಜನೆ ಹೋಯಿತೆಂದು ಮರುಗಿದವರು ಮತ್ತೆ ಕೆಲವರು. ಹಿಂಬಾಗಿಲಿನ ಮೇಲೆ ಸ್ಟೆಪ್ನಿ ಚಕ್ರವಿರಬೇಕಾದ ಸ್ಥಳದಲ್ಲಿ ವಿದ್ಯುತ್ ತಂತಿಯನ್ನಿಡುವ ಪೆಟ್ಟಿಗೆಯಿದ್ದುದನ್ನು ನೋಡಿ ನಕ್ಕವರೂ ಉಂಟು. 2024ರಲ್ಲಿ ಮಾರಾಟದ ಗಾಡಿಯೇ ಸಿದ್ಧವಾಯಿತು; 2025ರ ಜನವರಿಯಲ್ಲಿ ಸುಮಾರು 3 ಕೋಟಿ ರೂಪಾಯಿಗಳ ಬೆಲೆಯೊಡನೆ ಭಾರತಕ್ಕೂ ಬಂದಿತು.

ಅಷ್ಟು ಬೆಲೆಯ ಗಾಡಿಯ ವಿಚಾರ ನಮಗೇಕೆ ಎಂದು ವಾಚಕರು ಕೇಳಬಹುದು. ಕೊಳ್ಳುವ ಮಾತನ್ನು ನಾವಿಲ್ಲಿ ಆಡುತ್ತಿಲ್ಲ. ಇಂದು ಸಿರಿವಂತರ ಆಟಿಕೆಯಾಗಿ ಬಂದ ಯಂತ್ರದ ತತ್ತ್ವವು ನಾಳೆ ಜನಸಾಮಾನ್ಯರ ಗಾಡಿಗೆ ಇಳಿದು ಬರುತ್ತದೆ. ಯಾವುದು ಇಳಿದು ಬರಬೇಕು, ಯಾವುದು ಬರಬಾರದು ಎಂಬುದನ್ನು ಆಲೋಚಿಸುವುದಕ್ಕೆ ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿ ಸೀಮೆಗಿಂತ ಒಳ್ಳೆಯ ಪರೀಕ್ಷಾ ಭೂಮಿ ಬೇರೆಯಿಲ್ಲ. ಅಮೆರಿಕದ ಸೈನ್ಯಕ್ಕಾಗಿ 1941ರಿಂದ ತಯಾರಾದ ವಿಲ್ಲೀಸ್ ಜೀಪು ಯುದ್ಧ ಮುಗಿದ ಮೇಲೆ ನಮ್ಮ ದೇಶಕ್ಕೂ ಬಂದು, ಈ ಬೆಟ್ಟಗಳ ತೋಟದ ದಾರಿಗಳಲ್ಲಿ ನೆಲೆಯೂರಿತು. ಗೊಬ್ಬರದ ಮೂಟೆ, ಕೊಯ್ದ ಕಾಫಿ ಹಣ್ಣು, ಕೆಲಸದ ಆಳುಗಳು, ರೋಗಿ, ಮದುವೆಯ ದಿಬ್ಬಣ, ಎಲ್ಲವನ್ನೂ ಹೊತ್ತು ಏರಿದ್ದು ಜೀಪೇ. ಗಾಡಿಯ ಗುಣಾವಗುಣಗಳನ್ನು ಇಲ್ಲಿಯ ಜನ ಪ್ರದರ್ಶನದ ವೇದಿಕೆಯಲ್ಲಿ ಅಳೆಯುವುದಿಲ್ಲ. ಆಷಾಢದ ಕೆಸರಿನಲ್ಲಿ ಅಳೆಯುತ್ತಾರೆ.

ಮೊದಲು ಗರ್ಜನೆಯ ವಿಚಾರ. ಶಬ್ದವಿಲ್ಲದ ಗಾಡಿ ಗಾಡಿಯೇ ಅಲ್ಲವೆಂಬುದು ಅಭಿಮಾನದ ಮಾತೇ ಹೊರತು ವಿಜ್ಞಾನದ ಮಾತಲ್ಲ. ಭೂಮಿಯ ಮೇಲೆ ಗಂಟೆಗೆ 100 ಕಿಲೋಮೀಟರಿನ ವೇಗವನ್ನು ಮೊದಲು ದಾಟಿದ ಮೋಟಾರು ಗಾಡಿ ಪೆಟ್ರೋಲಿನದಾಗಿರಲಿಲ್ಲ. 1899ರಲ್ಲಿ ಕಮೀಲ್ ಜೆನಾಟ್ಸಿ ಎಂಬ ಬೆಲ್ಜಿಯಂ ದೇಶದವನು ಪ್ಯಾರಿಸ್ಸಿನ ಬಳಿ ಓಡಿಸಿದ ವಿದ್ಯುತ್ ಗಾಡಿ ಅದು. ಆದರೂ ಶಬ್ದದಲ್ಲಿ ಒಂದು ಉಪಯೋಗವಿದೆಯೆಂಬುದನ್ನು ಒಪ್ಪಬೇಕು. ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಮಂಜು ಕವಿದಾಗ ಎದುರಿನ ಗಾಡಿಯು ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತದೆ. ಆದುದರಿಂದಲೇ, ನಿಧಾನವಾಗಿ ಚಲಿಸುವಾಗ ವಿದ್ಯುತ್ ಗಾಡಿಗಳು ಸ್ವಲ್ಪ ಸದ್ದು ಹೊರಡಿಸಬೇಕೆಂಬ ನಿಯಮವು ಹಲವು ದೇಶಗಳಲ್ಲಿ ಬಂದಿದೆ. ದಾರಿಹೋಕನ ಎಚ್ಚರಿಕೆಗೆ ಬೇಕಾದಷ್ಟು ಸದ್ದಿರಲಿ. ಚಾಲಕನ ಹೆಮ್ಮೆಗಾಗಿ ಧ್ವನಿವರ್ಧಕದಿಂದ ಹುಸಿ ಗರ್ಜನೆಯನ್ನು ಹೊರಡಿಸುವ ಏರ್ಪಾಡು ಮಾತ್ರ ನಮಗೆ ರುಚಿಸದು.

ಎರಡನೆಯದು ನೀರಿನ ಭಯ. ವಿದ್ಯುತ್ತಿಗೂ ನೀರಿಗೂ ಹಗೆ ಎಂದು ನಾವೆಲ್ಲ ಬಾಲ್ಯದಿಂದ ಕೇಳಿದ್ದೇವೆ. ಹೀಗಿರುವಾಗ ಹಳ್ಳ ದಾಟುವುದೆಂತು? ವಾಸ್ತವವು ಇದಕ್ಕೆ ವಿರುದ್ಧವಾಗಿದೆ. ಎಂಜಿನ್ನು ಉಸಿರಾಡುವ ಯಂತ್ರ. ಅದರ ಮೂಗಿಗೆ ನೀರು ಹೊಕ್ಕರೆ ಕೆಲಸ ಕೆಟ್ಟಿತು. ಮೋಟಾರಿಗೆ ಉಸಿರು ಬೇಕಿಲ್ಲ. ಅದನ್ನೂ ಬ್ಯಾಟರಿಯನ್ನೂ ನೀರು ಸೇರದಂತೆ ಮುಚ್ಚಿಡಬಹುದು. ಈ ಹೊಸ ಗಾಡಿಯು 850 ಮಿಲಿಮೀಟರ್ ಆಳದ ನೀರನ್ನು ದಾಟಬಲ್ಲದು. ಅದರ ಎಂಜಿನ್ನಿನ ಅಣ್ಣನಿಗೆ ಸಾಧ್ಯವಾಗುವುದು 700 ಮಿಲಿಮೀಟರ್. ಹೀಗೆಂದು ಭದ್ರೆ ಉಕ್ಕಿ ಹೆಬ್ಬಾಳೆ ಸೇತುವೆಯ ಮೇಲೆ ಹರಿಯುವಾಗ ಯಾವ ಗಾಡಿಯೂ ಸಾಹಸ ಮಾಡಲಾಗದು. ಆ ಅಂಕೆಯು ಆಳವನ್ನು ಹೇಳುತ್ತದೆ, ಪ್ರವಾಹದ ನೂಕುಬಲವನ್ನಲ್ಲ. ಉಸಿರಿನ ಮಾತು ಎತ್ತರಕ್ಕೂ ಅನ್ವಯಿಸುತ್ತದೆ. ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಮೇಲೆ ಗಾಳಿಯ ಸಾಂದ್ರತೆ ಸಮುದ್ರ ಮಟ್ಟದಲ್ಲಿರುವುದಕ್ಕಿಂತ ಸುಮಾರು ಆರರಲ್ಲೊಂದು ಪಾಲು ಕಡಿಮೆ. ಹಳೆಯ ಎಂಜಿನ್ನುಗಳ ಬಲವೂ ಅಲ್ಲಿ ಅದರಂತೆ ಕುಗ್ಗುತ್ತದೆ. ಮೋಟಾರಿನ ಬಲ ಕುಗ್ಗುವುದಿಲ್ಲ.

ಇಷ್ಟರಮಟ್ಟಿಗೆ ನಾವು ವಿದ್ಯುತ್ ಗಾಡಿಯ ಪಕ್ಷ. ಆದರೆ ಹೊಗಳಿದವರೂ ಹಳಿದವರೂ ಪಕ್ಕಕ್ಕೆ ಸರಿಸಿಬಿಟ್ಟ ಸಂಗತಿಯೊಂದಿದೆ. ಅದು ತೂಕ. ಈ ಗಾಡಿ 3,000 ಕಿಲೋಗ್ರಾಮಿಗಿಂತಲೂ ಹೆಚ್ಚು ತೂಗುತ್ತದೆ. ಹಳೆಯ ವಿಲ್ಲೀಸ್ ಜೀಪಿನ ತೂಕವಾದರೋ ಸುಮಾರು 1,100 ಕಿಲೋಗ್ರಾಂ. ವಿದ್ಯಾರ್ಥಿ ಮಿತ್ರರು ಪೆನ್ಸಿಲನ್ನು ಕೈಗೆತ್ತಿಕೊಳ್ಳಲಿ.

ಚಿಕ್ಕಮಗಳೂರು ಪಟ್ಟಣವಿರುವುದು ಸುಮಾರು 1,090 ಮೀಟರ್ ಎತ್ತರದಲ್ಲಿ. ಅಲ್ಲಿಂದ ಮುಳ್ಳಯ್ಯನಗಿರಿಯ ಕಡೆಗೆ ಹೋಗುವ ರಸ್ತೆಯಲ್ಲಿ 700 ಮೀಟರ್ ಏರುತ್ತೇವೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಒಂದು ವಸ್ತುವನ್ನು ಎತ್ತರಕ್ಕೆ ಒಯ್ಯಲು ಬೇಕಾದ ಶಕ್ತಿಯು ಅದರ ದ್ರವ್ಯರಾಶಿ, ಗುರುತ್ವ ವೇಗೋತ್ಕರ್ಷ ಮತ್ತು ಎತ್ತರ, ಈ ಮೂರರ ಗುಣಲಬ್ಧ. 3,000ವನ್ನು 9.8ರಿಂದಲೂ 700ರಿಂದಲೂ ಗುಣಿಸಿದರೆ 2 ಕೋಟಿ 5 ಲಕ್ಷ 80 ಸಾವಿರ ಜೌಲ್‌ಗಳಾಗುತ್ತವೆ. ನಮ್ಮ ಮನೆಯ ವಿದ್ಯುತ್ ಬಿಲ್ಲಿನ ಒಂದು ಯೂನಿಟ್ಟೆಂದರೆ 36 ಲಕ್ಷ ಜೌಲ್. ಎಂದರೆ ಕೇವಲ ಎತ್ತರವನ್ನು ಗೆಲ್ಲುವುದಕ್ಕೆ ಸುಮಾರು 5.7 ಯೂನಿಟ್ಟು ಬೇಕು; ರಸ್ತೆಯ ಘರ್ಷಣೆ, ಗಾಳಿಯ ತಡೆ ಇವುಗಳ ಖರ್ಚು ಬೇರೆ. ಹಳೆಯ ಜೀಪಿನ ತೂಕಕ್ಕೆ ಇದೇ ಲೆಕ್ಕ ಹಾಕಿದರೆ 2.1 ಯೂನಿಟ್ಟು. ಇನ್ನು 70 ಕಿಲೋಗ್ರಾಂ ತೂಕದ ಒಬ್ಬ ಮನುಷ್ಯನನ್ನು ಅಷ್ಟು ಎತ್ತರಕ್ಕೆ ಒಯ್ಯಲು ಬೇಕಾದುದು ಒಂದು ಯೂನಿಟ್ಟಿನ ಸುಮಾರು ಎಂಟರಲ್ಲೊಂದು ಪಾಲು! ಒಬ್ಬನನ್ನು ಬೆಟ್ಟ ಹತ್ತಿಸುವುದಕ್ಕೆ ಅವನಿಗಿಂತ ನಾಲ್ವತ್ತು ಪಟ್ಟಿಗೂ ಹೆಚ್ಚು ಭಾರವನ್ನು ಜೊತೆಯಲ್ಲಿ ಹತ್ತಿಸುತ್ತಿದ್ದೇವೆ.

ಇಳಿಯುವಾಗ ಶಕ್ತಿಯೆಲ್ಲ ಹಿಂದಿರುಗುವುದಲ್ಲವೆ ಎಂದು ಜಾಣ ವಿದ್ಯಾರ್ಥಿ ಕೇಳುವನು. ಪ್ರಶ್ನೆ ಯೋಗ್ಯವಾದುದು. ಇಳಿಜಾರಿನಲ್ಲಿ ಮೋಟಾರು ಡೈನಮೋ ಆಗಿ ಕೆಲಸ ಮಾಡಿ ಗಾಡಿಯನ್ನು ತಡೆಯುತ್ತದೆ, ಬ್ಯಾಟರಿಯನ್ನೂ ತುಂಬುತ್ತದೆ. ಘಾಟಿ ಇಳಿಯುವಾಗ ಬ್ರೇಕು ಕಾದು ಕಮಟು ವಾಸನೆ ಹೊಡೆಯುವ ಕಷ್ಟವೂ ಇದರಿಂದ ತಗ್ಗುತ್ತದೆ. ಪೆಟ್ರೋಲ್ ಗಾಡಿಯು ಇಳಿಯುವಾಗ ಒಂದು ತೊಟ್ಟನ್ನೂ ಹಿಂದಕ್ಕೆ ಕೊಡದು. ಆದರೂ ಹತ್ತುವಾಗಲೂ ಇಳಿಯುವಾಗಲೂ ಸೋರಿಕೆಯುಂಟು, ಕೊಟ್ಟಷ್ಟೂ ಹಿಂದಿರುಗುವುದಿಲ್ಲ. ಇನ್ನೂ ಒಂದು ಮಾತಿದೆ: ಬೆಟ್ಟದ ಮೇಲೆ ತಂಗಿ ರಾತ್ರಿಯೆಲ್ಲ ಬ್ಯಾಟರಿಯನ್ನು ಪೂರ್ತಿ ತುಂಬಿಸಿಕೊಂಡು ಬೆಳಿಗ್ಗೆ ಇಳಿದರೆ, ತುಂಬಿದ ಕೊಡಕ್ಕೆ ಮತ್ತೆ ನೀರು ಹಿಡಿಸದಂತೆ ಹಿಂದಿರುಗುವ ಶಕ್ತಿಗೆ ಸ್ಥಳವೇ ಇರುವುದಿಲ್ಲ.

ತುಂಬಿಸುವುದಾದರೂ ಎಲ್ಲಿ? ಈ ಗಾಡಿಯ ಬ್ಯಾಟರಿ 116 ಯೂನಿಟ್ಟಿನದು. ಮನೆಯ ದೊಡ್ಡ ಪ್ಲಗ್ಗಿನಿಂದ ಗಂಟೆಗೆ 3 ಯೂನಿಟ್ಟಿನಂತೆ ತುಂಬಿದರೆ ಹೆಚ್ಚುಕಡಿಮೆ 39 ಗಂಟೆ ಹಿಡಿಯುವುದು. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದು ದಿನಗಟ್ಟಲೆ ದೀಪವಿಲ್ಲದಿರುವುದು ಮಲೆನಾಡಿನವರಿಗೆ ಹೊಸ ಅನುಭವವಲ್ಲ. 30 ಯೂನಿಟ್ಟಿನ ಬ್ಯಾಟರಿಯುಳ್ಳ ಹಗುರ ಗಾಡಿಯಾದರೆ ಅದೇ ಪ್ಲಗ್ಗಿನಲ್ಲಿ ಹತ್ತು ಗಂಟೆಗೆ ತುಂಬುತ್ತದೆ. ಎಂದರೆ ಒಂದು ರಾತ್ರಿ ಸಾಕು. ತೋಟದ ಕೆಲಸ, ಪೇಟೆಯ ಓಡಾಟಗಳಿಗೆ ಇದಕ್ಕಿಂತ ಹೆಚ್ಚು ಬೇಕಾಗದು.

ತೂಕದ ವಿಚಾರದಲ್ಲಿ ಕಳಸದ ಜನಕ್ಕೆ ತಿಳಿದ ಇನ್ನೊಂದು ಪಾಠವಿದೆ. ಗಾಡಿಯ ಪ್ರತಿಯೊಂದು ಕಿಲೋಗ್ರಾಂ ಲೋಹವೂ ಯಾವುದೋ ನೆಲವನ್ನು ಅಗೆದು ತಂದುದು. ಅವರ ಮಗ್ಗುಲಿನ ಕುದುರೆಮುಖದಲ್ಲಿ 1976ರಲ್ಲಿ ಕಬ್ಬಿಣದ ಅದಿರಿನ ಸಂಸ್ಥೆ ಸ್ಥಾಪಿತವಾಯಿತು. ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಂತೆ 2005ರ ಕೊನೆಗೆ ಗಣಿ ನಿಂತಿತು. ಆ ನಡುವೆ ಅದು ಸಾವಿರಾರು ಜನರಿಗೆ ಅನ್ನವನ್ನೂ ಕೊಟ್ಟಿತು, ಭದ್ರೆಗೆ ಹೂಳನ್ನೂ ಕೊಟ್ಟಿತು. ಬ್ಯಾಟರಿಯ ಲಿಥಿಯಂ, ನಿಕ್ಕಲ್‌ಗಳು ಬರುವುದೂ ಯಾರದೋ ಕುದುರೆಮುಖದಿಂದಲೇ. ಅವು ಬೇಡವೆಂದು ನಾವು ಹೇಳುವುದಿಲ್ಲ; ಪೆಟ್ರೋಲಿನ ಹೊಗೆಗೂ ಬೆಲೆಯುಂಟು. ಆದರೆ ಅಗೆದುದನ್ನು ಮಿತವಾಗಿ ಬಳಸುವುದು ವಿವೇಕ. ನಿಂತಲ್ಲೇ ಸುತ್ತುವ ಚಮತ್ಕಾರವನ್ನು ನೋಡಿ ಚಪ್ಪಾಳೆ ತಟ್ಟುವವರು, ಮೂರು ಟನ್ನಿನ ಚಕ್ರಗಳು ಬೆಟ್ಟದ ಹುಲ್ಲುಗಾವಲನ್ನು ಹೀಗೆ ಉತ್ತರೆ ಮುಂದಿನ ಮಳೆಗೆ ಆ ಮಣ್ಣು ಎಲ್ಲಿಗೆ ಹೋಗುವುದೆಂಬುದನ್ನೂ ಯೋಚಿಸಬೇಕು. 2019ರ ಆಗಸ್ಟಿನಲ್ಲಿ ಚಾರ್ಮಾಡಿಯ ರಸ್ತೆ ಕುಸಿದುದನ್ನು ಕಂಡವರಿಗೆ ಬೆಟ್ಟದ ಮಣ್ಣು ಎಷ್ಟು ಸಡಿಲವೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ನಮ್ಮ ತೀರ್ಮಾನವೇನು? ತತ್ತ್ವ ಒಳ್ಳೆಯದು, ಗಾತ್ರ ಕೆಟ್ಟದು. ನಿಂತಲ್ಲಿಂದಲೇ ಪೂರ್ಣ ಬಲದಿಂದ ಎಳೆಯುವ, ಎತ್ತರಕ್ಕೆ ಸೋಲದ, ಇಳಿಯುವಾಗ ಶಕ್ತಿಯನ್ನು ಹಿಂದಕ್ಕೆ ಕೊಡುವ ಮೋಟಾರು ಬೆಟ್ಟದ ನಾಡಿಗೆ ಹೇಳಿ ಮಾಡಿಸಿದಂತಿದೆ. ಅದನ್ನು ಹೂಡಬೇಕಾದುದು ಜೀಪಿನಷ್ಟೇ ಹಗುರವಾದ, ಮೂಟೆ ಹೊರುವ, ಸ್ಟೆಪ್ನಿ ಇರುವ ಗಾಡಿಗೆ. ಇದು ಹಗಲುಗನಸಲ್ಲ. ಬೆಂಗಳೂರಿನಲ್ಲಿಯೇ ತಯಾರಾಗಿ 2001ರಲ್ಲಿ ಮಾರಾಟಕ್ಕೆ ಬಂದ ‘ರೇವಾ’ ಎಂಬ ಪುಟ್ಟ ವಿದ್ಯುತ್ ಕಾರು ಲಂಡನ್ನಿನ ಬೀದಿಗಳಲ್ಲಿಯೂ ಓಡಾಡಿತು. ಆಗಿನ ಸೀಸದ ಬ್ಯಾಟರಿ ಭಾರವಾದದ್ದು, ಬಲ ಕಡಿಮೆಯದು. ಇಂದಿನ ಲಿಥಿಯಂ ಬ್ಯಾಟರಿ ಅದಕ್ಕಿಂತ ಎಷ್ಟೋ ಹಗುರ. ಈ ಲಾಭವನ್ನು ಗಾಡಿಯ ಭಾರವನ್ನು ಇಳಿಸುವುದಕ್ಕೆ ಬಳಸುತ್ತೇವೆಯೋ, ವೈಭವವನ್ನು ಏರಿಸುವುದಕ್ಕೆ ಬಳಸುತ್ತೇವೆಯೋ ಎಂಬುದೇ ಇಂದಿನ ಪ್ರಶ್ನೆ.

ಮರ್ಸಿಡಿಸ್-ಬೆಂಜ್ ಸಂಸ್ಥೆಯ ಸಂಶೋಧನ ಕೇಂದ್ರವೊಂದು 1996ರಿಂದ ಬೆಂಗಳೂರಿನಲ್ಲಿಯೇ ಇದೆ. ಸ್ವದೇಶದ ಕಾರ್ಖಾನೆಗಳೂ ವಿದ್ಯುತ್ ಗಾಡಿಗಳನ್ನು ತಯಾರಿಸುತ್ತಿವೆ. ಇದನ್ನೋದುವ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ನಾಳೆ ಅಂಥ ಕಡೆ ನಕ್ಷೆಯ ಮುಂದೆ ಕುಳಿತುಕೊಳ್ಳುವರು. ಆಗ ಅವರು ಅಭಿಮಾನಿಗಳ ಚಪ್ಪಾಳೆಯನ್ನು ಕೇಳಿಸಿಕೊಳ್ಳಲಿ, ಬೇಡವೆನ್ನುವುದಿಲ್ಲ. ಆದರೆ ಗೆರೆ ಎಳೆಯುವ ಮೊದಲು ಕಳಸದ ಏರಿನಲ್ಲಿ ಮೂಟೆ ಹೊತ್ತು ನಿಂತ ಜೀಪೊಂದನ್ನು ನೆನೆದು, ದ್ರವ್ಯರಾಶಿಯನ್ನು ಎತ್ತರದಿಂದ ಒಮ್ಮೆ ಗುಣಿಸಿ ನೋಡಲಿ.