ಇಲಿ ಅಲ್ಲ ಕಣ್ರೀ, ಹೆಣ್ಮಗಳು

ಹೋದ ವಾರ ಹೊಳಲ್ಕೆರೇಲಿ ನೆಂಟರ ಮನೆ ಗೃಹಪ್ರವೇಶ. ಪಂಕ್ತೀಲಿ ಹೋಳಿಗೆ ಬಡಿಸೋ ಹೊತ್ತಿಗೆ ನನ್ನ ನಾದಿನಿ ಮಾತು ಬಂತು. "ಬೆಂಗ್ಳೂರಲ್ಲಿ ಹೊಸಾ ಔಷಧಿ ಪ್ರಯೋಗಕ್ಕೆ ಸೇರಿಸ್ಕಂತಾರಂತೆ, ಇಲಿ ಮಾಡ್ತಾರೆ ಬಿಡು ಪಾಪ" ಅಂದ್ರು ಒಬ್ರು. ಸುತ್ತ ಇದ್ದೋರೆಲ್ಲಾ ಹೂಂ ಅಂದ್ರು. ಎಲೆ ಮುಂದೆ ಜಗಳ ಯಾಕೆ ಅಂತ ಸುಮ್ನಿದ್ದೆ. ಇಲ್ಲಿ ಆಡ್ತೀನಿ.

ನಾದಿನಿ ಹೊಸದುರ್ಗದಾಕೆ. ಅವಳಿಗೆ ಬಂದಿರೋದು ಜಿಸ್ಟ್ ಅನ್ನೋ ಗೆಡ್ಡೆ, ಹೊಟ್ಟೆ ಕರುಳಿನ ಗೋಡೇಲಿ ಹುಟ್ಟೋ ಅಪರೂಪದ ಕ್ಯಾನ್ಸರ್. 2000ನೇ ಇಸವಿವರೆಗೆ ಇದಕ್ಕೆ ಆಪರೇಷನ್ ಬಿಟ್ರೆ ಹಿಡಿದು ನಿಲ್ಸೋ ಔಷಧಿನೇ ಇರ್ಲಿಲ್ಲ. ಆ ವರ್ಷ ಫಿನ್‌ಲೆಂಡಿನ ಐವತ್ತು ವರ್ಷದ ಒಬ್ಬಾಕೆಗೆ ಇಮಾಟಿನಿಬ್ ಮಾತ್ರೆ ಕೊಟ್ಟು ನೋಡಿದ್ರು, ಗೆಡ್ಡೆ ಕರಗ್ತಾ ಬಂತು. ಆಮೇಲೆ 147 ಜನ ಪ್ರಯೋಗಕ್ಕೆ ಸೇರಿದ್ರು. 2002ರಲ್ಲಿ ಅಮೆರಿಕದಲ್ಲಿ ಈ ಕಾಯಿಲೆಗೆ ಅನುಮತಿ ಸಿಕ್ತು. 2013ರ ಏಪ್ರಿಲ್ 1ಕ್ಕೆ ನಮ್ಮ ಸುಪ್ರೀಂ ಕೋರ್ಟು ಕಂಪನಿಗೆ ಪೇಟೆಂಟ್ ಕೊಡಾಕಾಗಲ್ಲ ಅಂದಿದ್ದಕ್ಕೆ ಅಗ್ಗದ ಮಾತ್ರೆ ಮುಂದೇನೂ ಸಿಗ್ತಾ ಹೋಯ್ತು. ಅದುನ್ನ ನುಂಗೇ ನನ್ನ ನಾದಿನಿ ಇಷ್ಟು ವರ್ಷ ಮಕ್ಕಳಿಗೆ ರೊಟ್ಟಿ ತಟ್ಟಿದ್ದು. ಈಗ ಹೇಳ್ರಿ, ಆ ಫಿನ್‌ಲೆಂಡಿನಾಕೆ ಇಲೀನಾ?

ಬ್ಯಾರೆಯೋರು ಪ್ರಯೋಗಕ್ಕೆ ಸೇರಿ ತಂದ ಮಾತ್ರೆ ನಮಗೆ ಬೇಕು, ನಮ್ಮೋರು ಸೇರೋದು ಮಾತ್ರ ಬ್ಯಾಡ. ಹಿರಿಯೂರು ಕಡೆಯೋರಿಗೆ ಬಬ್ಬೂರು ಫಾರಂ ಗೊತ್ತು. ಹೊಸ ತಳಿ ಅಲ್ಲಿ ಹಾಕಿ ನೋಡಿದ್ಮೇಲೆ ತಾನೆ ನಮ್ಮ ಹೊಲಕ್ಕೆ ಬರೋದು? ಬೀಜಕ್ಕಾದ್ರೆ ಒಂದೇ ಹಂಗಾಮಲ್ಲಿ ಸಾವಿರ ಸಾಲು ಸಿಗ್ತವೆ. ಅಪರೂಪದ ಕಾಯಿಲೆಗೆ ರೋಗಿಗಳೇ ಎಣಿಸೋವಷ್ಟು. ಅದ್ರಾಗೂ ನಾವು ಹಿಂದಕ್ಕೆ ಸರಿದ್ರೆ ಯಾರನ್ನ ನೋಡಿ ಔಷಧಿ ಕಂಡುಹಿಡೀಬೇಕು?

ಹಂಗಂತ ಹೆದರಿಕೆ ಸುಳ್ಳು ಅಂತ ನಾನು ಹೇಳಾಕಿಲ್ಲ. ಆಗ ಆಂಧ್ರಕ್ಕೆ ಸೇರಿದ್ದ ಖಮ್ಮಂನಲ್ಲಿ 2009ರಲ್ಲಿ ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯೋ ಲಸಿಕೆ ಹಾಕಿದಾಗ, ಅಪ್ಪ ಅಮ್ಮ ಹಾಕ್ಬೇಕಾದ ಸಹೀನ ಎಷ್ಟೋ ಕಡೆ ಹಾಸ್ಟೆಲ್ ವಾರ್ಡನ್‌ಗಳು ಹಾಕಿದ್ರು. ಸಂಸತ್ತಿನ ಸಮಿತೀನೇ 2013ರಲ್ಲಿ ಇದುನ್ನ ಛೀಮಾರಿ ಹಾಕ್ತು. ಅಂಥದ್ದು ಕಂಡ ಜನ ಹೆದರದೆ ಇನ್ನೇನು ಮಾಡ್ತಾರೆ.

ನಮ್ಮ ಕಥೇನೂ ಕೇಳ್ರಿ. ಮಾತ್ರೆ ಹಿಡಿಯೋದು ನಿಂತ ಮೇಲೆ ದೊಡ್ಡ ಆಸ್ಪತ್ರೆ ಒಂದ್ರಲ್ಲಿ ನಾದಿನಿ ಕೈಗೆ ಒಂದು ಕಟ್ಟು ಕಾಗದ ಕೊಟ್ರು. ಎಲ್ಲಾ ಇಂಗ್ಲಿಷು. "ಇಲ್ಲಿ, ಇಲ್ಲಿ, ಇಲ್ಲಿ ಸೈನ್ ಮಾಡಮ್ಮ, ಓದಾಕೆ ಟೈಮಿಲ್ಲ" ಅಂತ ಬೆರಳು ತೋರ್ಸಿದ್ಳು ಆ ಹುಡುಗಿ. ಪಿಯುಸಿ ಓದಿರೋ ನನಗೇ ಮೊದಲ ಪುಟ ದಾಟಾಕೆ ಆಗಲಿಲ್ಲ, ಅವಳೋ ಏಳನೇ ಕ್ಲಾಸು. ಕಾಗದ ವಾಪಸ್ ಕೊಟ್ಟು ಬಸ್ಸು ಹತ್ತಿದ್ವಿ.

ಆ ಹುಡುಗಿ ಮೇಲೆ ನನಗೆ ಸಿಟ್ಟಿಲ್ಲ, ಅವಳಿಗೆ ಹಂಗೆ ಹೇಳಿಕೊಟ್ಟೋರ ಮೇಲೆ ಐತೆ. 2019ರ ಔಷಧ ಪ್ರಯೋಗದ ನಿಯಮಗಳಲ್ಲಿ ರೋಗಿಗೆ ಅರ್ಥ ಆಗೋ ಭಾಷೇಲಿ ಹೇಳ್ಬೇಕು ಅಂತಲೇ ಐತೆ. ಓದು ಬರದಿದ್ರೆ ಸಂಬಂಧ ಇಲ್ಲದ ಸಾಕ್ಷಿ ಒಬ್ರು ಕೂತಿರ್ಬೇಕು. ಯಾವಾಗ ಬ್ಯಾಡ ಅನಿಸ್ತೋ ಆವಾಗ ಬಿಟ್ಟು ಬರಬೋದು. ಪ್ರಯೋಗದಿಂದ ಕೇಡಾದ್ರೆ ಚಿಕಿತ್ಸೆ ಪುಕ್ಕಟೆ, ಪರಿಹಾರಾನೂ ಕೊಡ್ಬೇಕು. ಪ್ರಯೋಗನ ಸರ್ಕಾರದ ಪಟ್ಟೀಲಿ ನೋಂದಾಯ್ಸೋದು 2009ರಿಂದಲೇ ಕಡ್ಡಾಯ. ಇಷ್ಟನ್ನ ಕನ್ನಡದಲ್ಲಿ ಅರ್ಧ ಗಂಟೆ ಕೂತು ಹೇಳಿದ್ರೆ ಹೊಳಲ್ಕೆರೆ ಪಂಕ್ತೀಲಿ ಇಲಿ ಮಾತೇ ಬರ್ತಿರ್ಲಿಲ್ಲ.

ಇನ್ನೊಂದು. ಗುಣ ಆಗೇ ಆಗ್ತೀಯ ಅಂತ ಆಸೆ ತೋರಿಸಿ ಸಹಿ ತಗಳ್ಳೋದೂ ಮೋಸಾನೆ. ಆಗಬೋದು, ಆಗದೇನೂ ಇರಬೋದು. ಅದು ಗೊತ್ತಿಲ್ಲದ್ದಕ್ಕೇ ಅಲ್ವಾ ಪ್ರಯೋಗ ಮಾಡೋದು. ನನ್ನ ನಾದಿನಿ ಅದುನ್ನ ತಡ್ಕಳ್ತಾಳೆ. ಮರೆಮಾಚಿದ್ರೆ ತಡ್ಕಳಲ್ಲ.

ಮತ್ತೆ ಹೋಗಾಣ ಅಂತ ಅವಳೇ ಅಂದ್ಲು. ಬರೋ ಸೋಮವಾರ ಬೆಳಗಿನ ಜಾವದ ಬಸ್ಸು. ಮಗನ ಹಳೇ ನೋಟ್ಸ್ ಬುಕ್ಕಿನ ಹಿಂದೆ ಹನ್ನೊಂದು ಪ್ರಶ್ನೆ ಬರ್ಕಂಡಿದೀವಿ. ಮೊದಲನೇದು ಅವಳದ್ದೇ: "ನಾನು ನಡುವೆ ಸತ್ರೆ, ಅಲ್ಲಿವರೆಗೆ ನನ್ನಿಂದ ತಿಳ್ಕಂಡಿದ್ದು ಮುಂದಿನೋರಿಗೆ ಲೆಕ್ಕಕ್ಕೆ ಬರ್ತದಾ?"