ಗಂಟು ಬಿಚ್ಚದ ಭಕ್ತಿ

ಆಗೊಮ್ಮೆ ಈಗೊಮ್ಮೆ ಪತ್ರಿಕೆಗಳಲ್ಲಿ ಒಂದು ಸುದ್ದಿ ಬರುತ್ತದೆ: ಇಂಥ ಊರಿನ ಸಂಗ್ರಹದಲ್ಲಿ ಅಪೂರ್ವವಾದ ಓಲೆಗ್ರಂಥವೊಂದು 'ಅಕಸ್ಮಾತ್' ದೊರೆಯಿತೆಂದು. ಈ 'ಅಕಸ್ಮಾತ್' ಎಂಬ ಮಾತಿನ ಮೇಲೆಯೇ ನಮ್ಮ ತಕರಾರು. ಓಲೆಯು ಕಟ್ಟಿನೊಳಗೆ ತಲೆಮಾರುಗಳಿಂದ ಇದ್ದೇ ಇತ್ತು. ಬಿಚ್ಚಿ ಓದುವವರು ಇರಲಿಲ್ಲ.

ನೆರೆಯ ಶೃಂಗೇರಿಯನ್ನೇ ನೋಡೋಣ. 1916ರಲ್ಲಿ ಮೈಸೂರು ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ಯರಿಗೆ ಅಲ್ಲಿಯ ಮಠದಲ್ಲಿ ಟಿಪ್ಪು ಸುಲ್ತಾನನು ಜಗದ್ಗುರುಗಳಿಗೆ ಕನ್ನಡದಲ್ಲಿ ಬರೆಸಿದ ಪತ್ರಗಳ ಕಟ್ಟು ದೊರೆಯಿತು. 1791ರಲ್ಲಿ ಮರಾಠಾ ದಂಡಿನವರು ಮಠವನ್ನು ಸೂರೆಮಾಡಿದ ತರುವಾಯ ಶಾರದೆಯ ಪುನಃಪ್ರತಿಷ್ಠೆಗೆ ಆತನು ನೆರವು ಕೊಡಿಸಿದ ಸಂಗತಿ ಆ ಕಾಗದಗಳಲ್ಲಿದೆ. ಆ ಅರಸನ ವಿಷಯದಲ್ಲಿ ಯಾರ ಅಭಿಪ್ರಾಯ ಏನೇ ಇರಲಿ, ವಾದಿಸುವ ಉಭಯ ಪಕ್ಷದವರೂ ಇಂದು ಆ ಕಟ್ಟಿಗೆ ಉತ್ತರ ಹೇಳಬೇಕಾಗಿದೆ. ಅದು ಒಲೆಗೆ ಹೋಗಿದ್ದರೆ?

ಕೈಗೆ ಸಿಕ್ಕಿದ ಮಾತ್ರಕ್ಕೆ ಶೋಧವಾಗುವುದಿಲ್ಲ. ಹೊಸನಗರ ತಾಲ್ಲೂಕಿನ ನಗರದ ಹಾಳುಬಾವಿಯೊಂದರಲ್ಲಿ 2002ರಲ್ಲಿ ತುಕ್ಕು ಹಿಡಿದ 160 ಕಬ್ಬಿಣದ ಕೊಳವೆಗಳು ಸಿಕ್ಕವು. ಅವು ಯುದ್ಧದ ರಾಕೆಟ್ಟುಗಳೆಂದು ನಿರ್ಧಾರವಾದದ್ದು 2007ರಲ್ಲಿ! ಆ ತಿಳಿವಳಿಕೆ ಇದ್ದುದರಿಂದಲೇ 2018ರಲ್ಲಿ ಮತ್ತೆ ಅಗೆದು ಸಾವಿರಕ್ಕೂ ಮಿಕ್ಕಿ ಹೊರತೆಗೆದರು. ಕಬ್ಬಿಣವು ಅಷ್ಟು ಕಾಲ ಕೆಸರಿನಲ್ಲಿ ಕಾದಿತು; ಮಲೆನಾಡಿನ ಮಳೆಯಲ್ಲಿ ಓಲೆಗರಿ ಹಾಗೆ ಕಾಯಲಾರದು.

ಸಾಗರಕ್ಕೆ ಸಮೀಪದ ಕೆಳದಿಯಲ್ಲಿ ಗುಂಡಾ ಜೋಯಿಸರು ಶ್ರಮಪಟ್ಟು ಕಟ್ಟಿದ ವಸ್ತುಸಂಗ್ರಹಾಲಯವನ್ನು ನಮ್ಮ ಭಕ್ತರಲ್ಲಿ ಎಷ್ಟು ಮಂದಿ ಕಂಡಿದ್ದಾರೆ? ಕನ್ನಡ, ಸಂಸ್ಕೃತ, ತಮಿಳು, ತೆಲುಗು ಭಾಷೆಗಳ ಸುಮಾರು ಸಾವಿರ ಓಲೆ ಹಾಗೂ ಕಾಗದದ ಪ್ರತಿಗಳಲ್ಲದೆ, ತಿಗಳಾರಿ ಲಿಪಿಯ ನಾನೂರು ಓಲೆಗ್ರಂಥಗಳೂ ಅಲ್ಲಿವೆ. ಇತಿಹಾಸ, ಧರ್ಮಶಾಸ್ತ್ರ ಮಾತ್ರವಲ್ಲ. ಗಣಿತ, ವೈದ್ಯ, ಪಶುವೈದ್ಯಗಳೂ ಇವೆ. ಮನೆಯವರು ಮಂತ್ರವೆಂದು ಕೈಮುಗಿಯುತ್ತಿದ್ದ ಕಟ್ಟಿನಲ್ಲಿ ದನದ ಬೇನೆಗೆ ಮದ್ದು ಇದ್ದರೆ ಆಶ್ಚರ್ಯವೇನು? ಆದರೆ ತಿಗಳಾರಿಯನ್ನು ಓದಬಲ್ಲವರು ವಿರಳ. ಪ್ರಸಾದನಿಲಯದಲ್ಲಿ ಉಂಡು ಓದಿ ಎಂಜಿನಿಯರು, ವಕೀಲರಾದ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಒಬ್ಬಿಬ್ಬರಾದರೂ ಈ ಲಿಪಿಯನ್ನು ಕಲಿಯಬಾರದೆ? ಕಡತದ ಹಳೆಗೈಬರಹವನ್ನಾದರೂ?

ಕೆಳದಿಯ ಅರಸರು ನಮ್ಮ ಮಠಗಳಿಗೆ ಉಂಬಳಿ ಬಿಟ್ಟರೆಂದು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. 1623ರಲ್ಲಿ ಇಕ್ಕೇರಿಗೆ ಬಂದ ಇಟಲಿಯ ಪೀತ್ರೊ ದೆಲ್ಲಾ ವಾಲೆ, ಘಟ್ಟದ ದಾರಿಯಲ್ಲಿ ಹುಡುಗರು ಮರಳಿನ ಮೇಲೆ ಬೆರಳಿನಿಂದ ಬರೆಯುತ್ತ, ರಾಗವಾಗಿ ಹೇಳುತ್ತ ಲೆಕ್ಕ ಕಲಿಯುತ್ತಿದ್ದುದನ್ನು ತನ್ನ ಪತ್ರದಲ್ಲಿ ದಾಖಲಿಸಿದ್ದಾನೆ. ಅವನ ನಾಡಿನವರು ಆ ಪತ್ರಗಳನ್ನು ಉಳಿಸಿಕೊಂಡರು. ನಮ್ಮ ಮಕ್ಕಳ ಓದನ್ನು ಪರದೇಶದವನ ಕಾಗದದಿಂದ ತಿಳಿಯಬೇಕಾದ ಗತಿ ನಮ್ಮದು.

ಪೂಜಿಸುವ ವಸ್ತುವನ್ನು ಬಿಚ್ಚಬಾರದು, ಬಿಚ್ಚಿದರೆ ಮನೆಗೆ ಕೇಡು ಎನ್ನುವವರಿದ್ದಾರೆ. ಫ.ಗು. ಹಳಕಟ್ಟಿಯವರು ಮನೆಮನೆ ಅಲೆದು ವಚನಗಳ ಕಟ್ಟುಗಳನ್ನು ಬಿಚ್ಚಿಸದೆ ಹೋಗಿದ್ದರೆ 1923ರಲ್ಲಿ 'ವಚನಶಾಸ್ತ್ರಸಾರ' ಅಚ್ಚಾಗುತ್ತಿರಲಿಲ್ಲ. ಶರಣರ ಮಾತುಗಳಿಗೆ ವಿಭೂತಿ ಹಚ್ಚುತ್ತ, ಅವು ಏನೆಂದು ಅರಿಯದೆ ಇಂದಿಗೂ ಕುಳಿತಿರುತ್ತಿದ್ದೆವು. ಕೊಂಡೊಯ್ದವರು ಹಿಂದಿರುಗಿಸಲಿಲ್ಲವೆಂಬ ಇನ್ನೊಂದು ದೂರಿನಲ್ಲಿ ಸತ್ಯವಿದೆ. ವಿದ್ವಾಂಸರು ಅದಕ್ಕೆ ನಾಚಬೇಕು. ಆದರೆ ಈಗ ಕಟ್ಟು ಮನೆಯ ಹೊಸ್ತಿಲು ದಾಟಬೇಕಾಗಿಲ್ಲ. ಪಡಸಾಲೆಯಲ್ಲಿಯೇ ಗರಿಗರಿಯ ಛಾಯಾಚಿತ್ರ ತೆಗೆದು, ಪಟ್ಟಿ ಬರೆದು, ಮತ್ತೆ ಅದೇ ವಸ್ತ್ರದಲ್ಲಿ ಸುತ್ತಿಡಬಹುದು.

ಗೃಹಸ್ಥರಿಗೆ ಹೇಳುವ ಮುನ್ನ ಈ ಮಾತನ್ನು ಮಠಗಳು ತಮಗೆ ತಾವೇ ಹೇಳಿಕೊಳ್ಳಬೇಕು. ಅಟ್ಟದ ಮೇಲಿನ ಪೆಟ್ಟಿಗೆಗಳಲ್ಲಿ ನಿರೂಪವೆಷ್ಟು, ಕಡತವೆಷ್ಟು, ತಾಮ್ರಶಾಸನವೆಷ್ಟು ಎಂಬ ಪಟ್ಟಿ ಎಷ್ಟು ಮಠಗಳಲ್ಲಿದೆ? ಜಾತ್ರೆಯ ಖರ್ಚಿನ ಪಟ್ಟಿಯಂತೂ ಪ್ರತಿವರ್ಷ ತಪ್ಪದೆ ಸಿದ್ಧವಾಗುತ್ತದೆ. ಬರುವ ಮಳೆಗಾಲಕ್ಕೆ ಮುನ್ನ ಆ ಪೆಟ್ಟಿಗೆಗಳು ಅಟ್ಟದಿಂದ ಇಳಿಯಲಿ.